ಯಾವ ಪ್ಯಾಕೇಜನ್ನೂ ಹೋಲ್ಡ್ ಮಾಡಿಲ್ಲ (ಅಂದರೆ ಆವೃತ್ತಿ ಬದಲಾಗದಂತೆ ತಡೆದಿಲ್ಲ), ಆದರೂ ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್ 'ಹೆಲ್ಡ್ ಬ್ರೋಕನ್ ಪ್ಯಾಕೇಜಸ್' ಅನ್ನುತ್ತಿದೆ. ಆಪ್ಟ್ ಕೆಳಗೆ ಕೆಲಸ ಮಾಡುವ ಡಿಪಿಕೆಜಿಯ ಫೋರ್ಸ್ ಆಯ್ಕೆ ಬಳಸಲೇ?

ಬೇಡ. ಫೋರ್ಸ್ ಆಯ್ಕೆ ಕೊಟ್ಟು ಡೆಬ್ ಫೈಲನ್ನು (ಪ್ಯಾಕೇಜಿನ ಫೈಲು) ತುರುಕಿದರೆ ಫೈಲುಗಳೇನೋ ಡಿಸ್ಕಿಗೆ ಬಂದು ಕೂರುತ್ತವೆ, ಯಾವುದಕ್ಕೆ ಯಾವುದು ಬೇಕು ಅನ್ನುವ ಲೆಕ್ಕ ಮಾತ್ರ ತಪ್ಪಿಯೇ ಇರುತ್ತದೆ. ಆಮೇಲೆ ಸಂಬಂಧವೇ ಇಲ್ಲದ ಇನ್ನೊಂದು ಪ್ಯಾಕೇಜ್ ಹಾಕಲು ಹೋದರೂ ಆಪ್ಟ್ 'ಮೊದಲು ಫಿಕ್ಸ್-ಬ್ರೋಕನ್ ಮಾಡು' (ಮುರಿದ ಅವಲಂಬನೆಗಳನ್ನು ಸರಿಪಡಿಸು) ಎಂದು ಅಡ್ಡ ನಿಲ್ಲುತ್ತದೆ. ಹಾಗೆ ಮಾಡಿದರೆ ಅದು ಎಷ್ಟೋ ಸಲ ನೀವು ತುರುಕಿದ್ದನ್ನೇ ಕಿತ್ತು ಹೊರಗೆ ಹಾಕುತ್ತದೆ.

ನೀವು ಹೇಳಿರುವುದು ಇಷ್ಟು: ಉಬುಂಟು 24.04, ಲಿಬ್‌ಎಸ್‌ಎಸ್‌ಎಲ್-ಡೆವ್ (ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ ಬಳಸುವ ಪ್ರೋಗ್ರಾಮ್ ಕಟ್ಟಲು ಬೇಕಾದ ಪ್ಯಾಕೇಜ್) ಬೇಕು, ಅಪ್‌ಡೇಟ್ ಮಾಡಿದ್ದೀರಿ, ಫಿಕ್ಸ್-ಬ್ರೋಕನ್ ಕೂಡ ಓಡಿಸಿದ್ದೀರಿ, ಏನೂ ಬದಲಾಗಲಿಲ್ಲ. ಬದಲಾಗುವುದೂ ಇಲ್ಲ. ನಿಮ್ಮ ಸಿಸ್ಟಮ್‌ನಲ್ಲಿ ಈಗಾಗಲೇ ಇರುವ ಯಾವ ಪ್ಯಾಕೇಜೂ ಮುರಿದಿಲ್ಲ. ಹೊಸದನ್ನು ಸೇರಿಸಲು ಆಪ್ಟ್ ಹಾಕಿಕೊಂಡ ಯೋಜನೆ ಮುರಿದುಬಿದ್ದಿದೆ, ಅಷ್ಟೇ. 'ಹೆಲ್ಡ್' ಅನ್ನುವ ಆ ಕೊನೆಯ ಸಾಲು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಆಪ್ಟ್-ಮಾರ್ಕ್ ಶೋಹೋಲ್ಡ್ ಒಮ್ಮೆ ಓಡಿಸಿ ನೋಡಿ, ಖಾಲಿ ಬಂದರೆ ಆ ಸಾಲನ್ನು ಮರೆತುಬಿಡಿ.

ಕೆಲಸಕ್ಕೆ ಬರುವುದು ಅದರ ಮೇಲಿನ, ನೀವು ಅರ್ಧವಷ್ಟೇ ಹಾಕಿರುವ ಸಾಲು: ಲಿಬ್‌ಎಸ್‌ಎಸ್‌ಎಲ್-ಡೆವ್‌ಗೆ ಲಿಬ್‌ಎಸ್‌ಎಸ್‌ಎಲ್3ಟಿ64 (ಆ ಲೈಬ್ರರಿಯ ಪ್ಯಾಕೇಜ್) ಬೇಕು, ಆವೃತ್ತಿ '= 3.0.13-0ಉಬುಂಟು3', ಆದರೆ ಇರುವುದು 3.0.13-0ಉಬುಂಟು3.5. ಅಲ್ಲಿರುವ ಸಮ ಚಿಹ್ನೆಯನ್ನು ಗಮನಿಸಿ. 'ಇಷ್ಟು ಅಥವಾ ಇದಕ್ಕಿಂತ ಹೊಸದು' ಅಂತಿಲ್ಲ, ಕರಾರುವಾಕ್ಕಾಗಿ ಅದೇ ಆವೃತ್ತಿ ಬೇಕು. ಡೆವ್ ಪ್ಯಾಕೇಜಿನಲ್ಲಿರುವ ಹೆಡರ್ ಫೈಲುಗಳೂ (ಪ್ರೋಗ್ರಾಮ್ ಕಟ್ಟುವಾಗ ಲೈಬ್ರರಿಯ ವಿವರ ಕೊಡುವಂಥವು) ಲೈಬ್ರರಿಯೂ ಒಂದೇ ಬಿಲ್ಡ್‌ನಿಂದ ಬಂದಿರಬೇಕು ಅನ್ನುವುದಕ್ಕೆ ಈ ಕಟ್ಟುಪಾಡು. ಹಾಗಾಗಿ ಇಂಥ ತಕರಾರು ಡೆವ್ ಪ್ಯಾಕೇಜುಗಳಲ್ಲೇ ಹೆಚ್ಚು. ಸಿ ಭಾಷೆಯ ಮೂಲ ಲೈಬ್ರರಿ ಲಿಬ್‌ಸಿ6ರ ಜೋಡಿ ಲಿಬ್‌ಸಿ6-ಡೆವ್ ಕೂಡ ಇದೇ ರಗಳೆ ಮಾಡುತ್ತದೆ. (ಹಳೆಯ ಸಲಹೆಗಳಲ್ಲಿ ಹೆಸರು ಬರೀ ಲಿಬ್‌ಎಸ್‌ಎಸ್‌ಎಲ್3 ಎಂದಿರುತ್ತದೆ. 2038ರಲ್ಲಿ 32-ಬಿಟ್ ಸಮಯದ ಎಣಿಕೆ ಮುಗಿದುಹೋಗುವ ಸಮಸ್ಯೆಗಾಗಿ 64-ಬಿಟ್ ಟೈಮ್‌ಗೆ ಹೋದಾಗ 24.04ರಲ್ಲಿ ಬಹಳಷ್ಟು ಲೈಬ್ರರಿಗಳಿಗೆ ಟಿ64 ಬಾಲ ಅಂಟಿಕೊಂಡಿತು. ಅದೇ ಲೈಬ್ರರಿ, ಗಾಬರಿ ಬೇಡ.)

ಈಗ ಆಪ್ಟ್ ಪಾಲಿಸಿ ಎಂದು ಬರೆದು, ಮುಂದೆ ಆ ಎರಡೂ ಪ್ಯಾಕೇಜುಗಳ ಹೆಸರು ಕೊಟ್ಟು ಓಡಿಸಿ. ನನ್ನ ಮಟ್ಟಿಗೆ ಈ ಒಂದು ಕಮಾಂಡ್ ಉಳಿದೆಲ್ಲಕ್ಕಿಂತ ಮೇಲು. ಇನ್‌ಸ್ಟಾಲ್ ಆಗಿರುವ ಆವೃತ್ತಿ ಯಾವುದು, ಹಾಕಲು ಆಪ್ಟ್ ಆರಿಸಿಕೊಂಡ ಆವೃತ್ತಿ (ಕ್ಯಾಂಡಿಡೇಟ್) ಯಾವುದು, ಕೆಳಗಿನ ಪಟ್ಟಿಯಲ್ಲಿ ಪ್ರತಿ ಆವೃತ್ತಿ ಯಾವ ರೆಪಾಸಿಟರಿಯಿಂದ (ಪ್ಯಾಕೇಜುಗಳ ಆನ್‌ಲೈನ್ ಭಂಡಾರ) ಬಂತು, ಎಲ್ಲವೂ ಅಲ್ಲಿರುತ್ತವೆ. ಮೂರು ನಕ್ಷತ್ರದ ಗುರುತು ಈಗಿರುವ ಆವೃತ್ತಿಯದು. ಅದರ ಕೆಳಗೆ ರೆಪಾಸಿಟರಿಯ ವಿಳಾಸವಿಲ್ಲದೆ, ಬರೀ 100 ಎಂಬ ಅಂಕಿಯೂ ಡಿಪಿಕೆಜಿ ಸ್ಟೇಟಸ್ ಫೈಲಿನ ಹೆಸರೂ ಇದ್ದರೆ, ಆ ಆವೃತ್ತಿಯನ್ನು ಕೊಡುವ ಮೂಲ ಈಗ ನಿಮ್ಮ ಪಟ್ಟಿಯಲ್ಲಿ ಇಲ್ಲ ಎಂದರ್ಥ.

ನಿಮ್ಮದು ಅದೇ ಎಂದು ಹೆಚ್ಚುಕಡಿಮೆ ಖಾತ್ರಿಯಾಗಿ ಹೇಳಬಲ್ಲೆ. 3.0.13-0ಉಬುಂಟು3 ಅನ್ನುವುದು 24.04 ಬಿಡುಗಡೆಯಾದಾಗಿನ ಮೂಲ ಆವೃತ್ತಿ, ಕೊನೆಯಲ್ಲಿ 'ಉಬುಂಟು3.5' ಇರುವುದು ಆಮೇಲೆ ಬಂದ ಪರಿಷ್ಕರಣೆ. ಲೈಬ್ರರಿ ಹಿಂದೆ ಎಂದೋ ಅಪ್‌ಡೇಟ್ ಆಗಿದೆ. ಈಗ ಅಪ್‌ಡೇಟ್ಸ್ ಮತ್ತು ಸೆಕ್ಯುರಿಟಿ ರೆಪಾಸಿಟರಿಗಳು ನಿಮ್ಮ ಪಟ್ಟಿಯಲ್ಲಿ ಇಲ್ಲದಿರುವುದರಿಂದ ಡೆವ್ ಪ್ಯಾಕೇಜಿನ ಹಳೆಯ ಆವೃತ್ತಿಯಷ್ಟೇ ಆಪ್ಟ್ ಕಣ್ಣಿಗೆ ಬೀಳುತ್ತಿದೆ. ಸೋರ್ಸಸ್.ಲಿಸ್ಟ್.ಡಿ ಫೋಲ್ಡರಿನಲ್ಲಿರುವ ಉಬುಂಟು.ಸೋರ್ಸಸ್ ಫೈಲ್ ತೆರೆದು 'ಸೂಟ್ಸ್' ಸಾಲುಗಳನ್ನು ನೋಡಿ. ನೋಬಲ್ (24.04ರ ಹೆಸರು), ನೋಬಲ್-ಅಪ್‌ಡೇಟ್ಸ್, ನೋಬಲ್-ಸೆಕ್ಯುರಿಟಿ ಮೂರೂ ಇರಬೇಕು. ಇಲ್ಲದ್ದನ್ನು ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡಿ. ಫೈಲಿನಲ್ಲಿ ಎಲ್ಲಾದರೂ ಜ್ಯಾಮಿ (22.04ರ ಹೆಸರು) ಅಥವಾ ಡೆಬಿಯನ್ನಿನ ಹೆಸರು ಕಂಡರೆ ಅದನ್ನು ತೆಗೆಯಿರಿ. ಬೇರೆ ಬಿಡುಗಡೆಯ ರೆಪಾಸಿಟರಿ ಬೆರೆಸಿದ ಸಿಸ್ಟಮ್ ಒಂದಲ್ಲ ಒಂದು ದಿನ ಹೀಗೆ ಕೈಕೊಡುತ್ತದೆ.

ನನ್ನ ಊಹೆ ತಪ್ಪಾಗಿದ್ದು, ಲೈಬ್ರರಿ ಯಾವುದೋ ಪಿಪಿಎಯಿಂದ (ಬೇರೆಯವರು ನಡೆಸುವ ಹೆಚ್ಚುವರಿ ರೆಪಾಸಿಟರಿ) ಬಂದಿದ್ದರೆ ಕತೆ ಬೇರೆ. ಆಪ್ಟ್ ತಾನಾಗಿ ಆವೃತ್ತಿಯನ್ನು ಕೆಳಗಿಳಿಸುವುದಿಲ್ಲ. ಪಿನ್ ಆದ್ಯತೆ (ಯಾವ ಮೂಲಕ್ಕೆ ಎಷ್ಟು ಮಣೆ ಎಂಬ ಅಂಕಿ) 1000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಇಳಿಸುತ್ತದೆ, ಮಾಮೂಲಿ ರೆಪಾಸಿಟರಿಗಳದು 500. ಪಿಪಿಎ ಇನ್ನೂ ಪಟ್ಟಿಯಲ್ಲಿದ್ದರೆ ಪಿಪಿಎ-ಪರ್ಜ್ ಎಂಬ ಸಾಧನ ಅದನ್ನು ಮುಚ್ಚಿ ಅಲ್ಲಿಂದ ಬಂದದ್ದನ್ನೆಲ್ಲ ಉಬುಂಟುವಿನ ಆವೃತ್ತಿಗೆ ಮರಳಿಸುತ್ತದೆ. ಇಲ್ಲದಿದ್ದರೆ ಪ್ಯಾಕೇಜಿನ ಹೆಸರಾದ ಮೇಲೆ ಸಮ ಚಿಹ್ನೆ ಹಾಕಿ ಆವೃತ್ತಿ ಬರೆದು, ಲೈಬ್ರರಿ, ಡೆವ್, ಓಪನ್‌ಎಸ್‌ಎಸ್‌ಎಲ್ ಮೂರನ್ನೂ ಒಂದೇ ಕಮಾಂಡಿನಲ್ಲಿ ಕೊಡಿ. ಒಂದೊಂದಾಗಿ ಕೊಟ್ಟರೆ ಒಂದು ಇನ್ನೊಂದನ್ನು ಎಳೆದು ನಿಲ್ಲಿಸುತ್ತದೆ. ಲಿಬ್‌ಸಿ6 ಮಾತ್ರ ಈ ರೀತಿ ಕೆಳಗಿಳಿಸಲು ಹೋಗಬೇಡಿ.

32-ಬಿಟ್ ಪ್ಯಾಕೇಜುಗಳೂ ಇದ್ದರೆ ಇನ್ನೊಂದು ತೊಡಕಿದೆ: ಒಂದೇ ಲೈಬ್ರರಿಯ ಐ386 ಮತ್ತು ಎಎಮ್‌ಡಿ64 ರೂಪಗಳು ಜೊತೆಗಿರಬೇಕಾದರೆ ಎರಡರ ಆವೃತ್ತಿಯೂ ಒಂದೇ ಆಗಿರಬೇಕು.

ಏನೇ ಮಾಡುವ ಮೊದಲು ಆಪ್ಟ್‌ಗೆ -ಎಸ್ ಕೊಟ್ಟು ಅಣಕು ಓಟ ಓಡಿಸಿ. 'ರಿಮೂವ್ಡ್' ಪಟ್ಟಿಯನ್ನು ಒಂದೊಂದು ಹೆಸರಾಗಿ ಓದಿ. 2021ರಲ್ಲಿ ಉಬುಂಟು ಆಧಾರಿತ ಪಾಪ್ ಓಎಸ್‌ನಲ್ಲಿ ಆಟಗಳ ಆ್ಯಪ್ ಸ್ಟೀಮ್ ಹಾಕಲು ಹೋದವರ ಡೆಸ್ಕ್‌ಟಾಪೇ ಮಾಯವಾಯಿತಲ್ಲ, ಅಲ್ಲೂ ಪ್ಯಾಕೇಜುಗಳ ಅವಲಂಬನೆ ಹೊಂದದೆ ಆಪ್ಟ್ ಹುಡುಕಿಕೊಂಡ 'ಪರಿಹಾರ' ಡೆಸ್ಕ್‌ಟಾಪ್ ತೆಗೆಯುವುದಾಗಿತ್ತು. ಏನೇನು ಹೋಗುತ್ತದೆಂದು ಪರದೆಯ ಮೇಲೆ ತೋರಿಸಿ, 'ಯೆಸ್, ಡೂ ಆ್ಯಸ್ ಐ ಸೇ' ಎಂದು ಟೈಪ್ ಮಾಡಿಸಿಕೊಂಡೇ ತೆಗೆದುಹಾಕಿತು. ಆಮೇಲಿನ ಆಪ್ಟ್ ಆವೃತ್ತಿಗಳಲ್ಲಿ ಅತ್ಯಗತ್ಯ ಪ್ಯಾಕೇಜುಗಳನ್ನು ಆ ವಾಕ್ಯದಿಂದ ತೆಗೆಸಲು ಬರುವುದಿಲ್ಲ, ಬೇರೆ ಆಯ್ಕೆಯನ್ನೇ ಕೊಡಬೇಕು. ಆದರೆ ಅತ್ಯಗತ್ಯ ಎಂಬ ಗುರುತಿಲ್ಲದವಕ್ಕೆ ಈ ಕಾವಲಿಲ್ಲ. ಕೆಲವರು ಆಪ್ಟ್‌ನಂಥದೇ ಇನ್ನೊಂದು ಸಾಧನ ಆ್ಯಪ್ಟಿಟ್ಯೂಡ್ ಸೂಚಿಸಬಹುದು. ಒಂದಾದ ಮೇಲೊಂದು ಪರಿಹಾರ ತೋರಿಸುವುದು ಅದರ ಗುಣ. ಮೊದಲನೆಯದಕ್ಕೇ ತಲೆಯಾಡಿಸಬೇಡಿ, ಎಷ್ಟೋ ಸಲ ಎರಡನೆಯದೋ ಮೂರನೆಯದೋ ಕಡಿಮೆ ಹಾನಿಯದು.

ಇನ್ನೊಂದು ಮಾತು. ನೀವು ಬಿಲ್ಡ್ ಮಾಡಹೊರಟಿರುವ ಪ್ರೋಗ್ರಾಮಿಗೆ ಓಪನ್‌ಎಸ್‌ಎಸ್‌ಎಲ್ 1.1 ಬೇಕಾಗಿದ್ದರೆ ಇದ್ಯಾವುದೂ ನೆರವಾಗದು. ಹಳೆಯ ಬಿಡುಗಡೆಯ ಲಿಬ್‌ಎಸ್‌ಎಸ್‌ಎಲ್1.1 ಡೆಬ್ ಇಳಿಸಿಕೊಂಡು ಹಾಕಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ; ಅದು ಇನ್‌ಸ್ಟಾಲ್ ಕೂಡ ಆಗುತ್ತದೆ. ಆದರೆ 1.1.1 ಸರಣಿಗೆ ಓಪನ್‌ಎಸ್‌ಎಸ್‌ಎಲ್ ತಂಡದ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ, ಮತ್ತು ಕೈಯಾರೆ ಹಾಕಿದ ಆ ಫೈಲಿಗೆ ನಿಮ್ಮ ರೆಪಾಸಿಟರಿಯಿಂದ ಯಾವ ತೇಪೆಯೂ ಬರುವುದಿಲ್ಲ. ಅಂಥ ಪ್ರೋಗ್ರಾಮನ್ನು ಉಬುಂಟು 20.04ರ ಕಂಟೇನರ್ (ಮುಖ್ಯ ಸಿಸ್ಟಮ್‌ನಿಂದ ಬೇರ್ಪಟ್ಟ ಆವರಣ) ಒಳಗೆ ಕಟ್ಟಿ, ಅಲ್ಲೇ ಓಡಿಸಿ. ಮುಖ್ಯ ಸಿಸ್ಟಮ್ ಮುಟ್ಟಬೇಡಿ.

ಸೂಟ್ಸ್ ಸಾಲು ಸರಿಯಿದ್ದೂ ಅದೇ ಎರರ್ ಬಂದರೆ, ಎರಡೂ ಪ್ಯಾಕೇಜುಗಳ ಪಾಲಿಸಿ ಔಟ್‌ಪುಟ್ ಪೂರ್ತಿಯಾಗಿ ಪ್ರಶ್ನೆಗೆ ಸೇರಿಸಿ. ಸ್ಕ್ರೀನ್‌ಶಾಟ್ ಬೇಡ, ಪಠ್ಯವಾಗಿಯೇ ಹಾಕಿ, ಮೂರು ನಕ್ಷತ್ರದ ಸಾಲಿನ ಕೆಳಗಿರುವುದನ್ನು ಕತ್ತರಿಸದೆ.