ಕಾರವಾರದ ಸ್ಟೋಕರ್, ವಾಸ್ಕೋದ ಕಾಕಾ

ಗೋವಾದಲ್ಲಿ ಇದ್ದೀರಿ, ಮನೆಯಲ್ಲಿ ಕೊಂಕಣಿ ಆಡುತ್ತೀರಿ, ಮತ್ತೆ ಕನ್ನಡಿಗರು ಅಂತೀರಲ್ಲ, ಅದು ಹೇಗೆ ಅಂತ ಕೇಳಿದ್ದೀರಿ. ಅಪ್ಪನ ವಿಷಯ ಹೇಳಿದರೆ ಅರ್ಥ ಆಗಬಹುದು. ಹೋದ ಮಳೆಗಾಲದಲ್ಲಿ ತೀರಿಕೊಂಡರು.

ಅವರು ಹುಟ್ಟಿದ್ದು ಕಾರವಾರದ ಪಕ್ಕದ ಬಿಣಗಾದಲ್ಲಿ. ಎದುರಿಗೇ ಕಡಲಲ್ಲಿ ಅಂಜದೀವ್ ದ್ವೀಪ. ನಮ್ಮ ದಂಡೆಯಿಂದ ಕಾಣುತ್ತದೆ, ಆದರೆ ಆಗ ಪೋರ್ಚುಗೀಸರದ್ದು, ಈಗಲೂ ಕಾಗದದಲ್ಲಿ ಗೋವಾದ್ದೇ. 1961ರ ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಅಲ್ಲಿ ಇಳಿಯಿತು, 7 ಮಂದಿ ನಾವಿಕರು ಸತ್ತರು. ಅಪ್ಪನಿಗೆ ಆಗ 11 ವರ್ಷ. ಗುಂಡಿನ ಸದ್ದು ಕೇಳಿ ದಂಡೆಗೆ ಓಡಿದವರನ್ನು ಅಜ್ಜಿ ಕಿವಿ ಹಿಡಿದು ಎಳೆದುಕೊಂಡು ಬಂದಳಂತೆ. 18 ತುಂಬುತ್ತಲೇ ನೇವಿಗೆ ಸೇರಿದರು. ಅಜ್ಜಿಗೆ ಹೇಳಿದ್ದು ಆಮೇಲೆ!

ಪುಣೆ ಹತ್ತಿರದ ಲೋಣಾವಳದಲ್ಲಿ ತರಬೇತಿ ಆಯಿತು. ಆಮೇಲೆ ವಿಮಾನಗಳನ್ನು ಹೊರುವ ಯುದ್ಧಹಡಗು ವಿಕ್ರಾಂತ್‌ನಲ್ಲಿ ಸ್ಟೋಕರ್, ಅಂದರೆ ಬಾಯ್ಲರ್ ಕಾಯುವ ಕೆಲಸ. 1971ರ ಯುದ್ಧದಲ್ಲಿ ವಿಕ್ರಾಂತ್ ಬಂಗಾಳಕೊಲ್ಲಿಯಲ್ಲಿತ್ತು, ಅದರ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಬಾಂಬ್ ಹಾಕಿ ಬರುತ್ತಿದ್ದವು. ಯುದ್ಧ ಹೇಗಿತ್ತು ಅಂತ ನಾವು ಚಿಕ್ಕವರಿದ್ದಾಗ ಕೇಳಿದರೆ ಅಪ್ಪನ ಉತ್ತರ ಒಂದೇ: "ನಾನೆಲ್ಲಿ ನೋಡಿದೆ? ಕೆಳಗೆ ಬಿಸಿಯಲ್ಲಿ ಬೇಯುತ್ತಿದ್ದೆ." ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು, ಮೂರರಲ್ಲೇ ಹಡಗು ಓಡಬೇಕು, ವಿಮಾನವನ್ನು ಡೆಕ್ಕಿನಿಂದ ಚಿಮ್ಮಿಸುವುದಕ್ಕೂ ಅದೇ ಹಬೆ ಬೇಕು. ಹಡಗಿನ ವೇಗ ಕಡಿಮೆ, ಎದುರುಗಾಳಿಯೂ ಇಲ್ಲದಿದ್ದರೆ ವಿಮಾನ ಏಳುವುದೇ ಕಷ್ಟ. ಅಪ್ಪನ ಕತೆಯಲ್ಲಿ ಶತ್ರು ಅಂದರೆ ಆ ಬಿರುಕು, ಪಾಕಿಸ್ತಾನ ಅಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಹಡಗಿನಲ್ಲಿ ಹಿಂದಿ, ಮನೆಯಲ್ಲಿ ಕೊಂಕಣಿ, ಆದರೆ ಅಮ್ಮನಿಗೆ ಬರೆದ ಕಾಗದವೆಲ್ಲ ಕನ್ನಡದಲ್ಲಿ. ಇಬ್ಬರೂ ಕನ್ನಡ ಶಾಲೆಯವರು. ಗೋವಾದವರು ಕೊಂಕಣಿಯನ್ನು ನಾಗರಿಯಲ್ಲೋ ರೋಮನ್‌ನಲ್ಲೋ ಬರೆಯುತ್ತಾರೆ, ನಾವು ಬರೆದರೆ ಕನ್ನಡ ಅಕ್ಷರದಲ್ಲಿ. ಮಗ್ಗಿ, ಮೀನಿನ ಲೆಕ್ಕ, ಬೈಗುಳ, ಎಲ್ಲ ಕನ್ನಡದ್ದೇ. (ಬೈಗುಳದಲ್ಲಿ ಕೊಂಕಣಿಯೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.)

15 ವರ್ಷ ಮುಗಿಸಿ ಪೆನ್ಷನ್ ಹಿಡಿದು ಗೋವಾದ ವಾಸ್ಕೋಗೆ ಬಂದು ಬಂದರಿನಲ್ಲಿ ಕೆಲಸಕ್ಕೆ ಸೇರಿದರು. ನಮ್ಮ ಓಣಿಗೆ ಗದಗ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು ಜಾಸ್ತಿ. ಅವರಿಗೆಲ್ಲ ಅಪ್ಪ "ನೇವಿ ಕಾಕಾ". ರೇಷನ್ ಅರ್ಜಿ ತುಂಬುವುದು, ಊರಿನಿಂದ ಬಂದ ಪತ್ರ ಓದಿ ಹೇಳುವುದು, ಸಂಜೆ ಹೊತ್ತು ಅದೇ ಕೆಲಸ. ಅವರ ಧಾರವಾಡದ ಕಡೆಯ ಮಾತು ಅಪ್ಪನಿಗೆ, ಅಪ್ಪನ ಕಾರವಾರದ ಮಾತು ಅವರಿಗೆ, ಎರಡೂ ಕಡೆ ನಗು.

ಕಾರವಾರದ ನೆಂಟರಿಗೆ ಮಾತ್ರ ಅವರ ಮೇಲೆ ಒಂದು ಸಿಟ್ಟಿತ್ತು. ಮಿಲಿಟರಿ ಕ್ಯಾಂಟೀನಿನ ರಮ್ ಸಿಗುತ್ತದೆ, ಆದರೆ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿಸಿ ಒಂದು ಬಾಟ್ಲಿ ತರಲೂ ಒಪ್ಪುತ್ತಿರಲಿಲ್ಲ. ಯೂನಿಫಾರ್ಮ್ ಬಿಚ್ಚಿ 20 ವರ್ಷ ಆದ ಮೇಲೂ!

ಊರಿಗೆ ಹೋಗುವಾಗ ಅವರದೊಂದು ಹಳೇ ಜೋಕು. ಗೋವಾ ಸರ್ಕಾರದ ಬಸ್ಸಿನ ಹೆಸರು ಕದಂಬ, 2005ರಲ್ಲಿ ಶುರುವಾದ ಕಾರವಾರದ ನೌಕಾನೆಲೆಯ ಹೆಸರೂ ಕದಂಬ. "ಕದಂಬ ಹತ್ತಿ ಕದಂಬದಲ್ಲಿ ಇಳಿದು ಬರ್ತೇನೆ" ಅನ್ನುತ್ತಿದ್ದರು. ಆ ನೆಲೆಗಾಗಿ ಎಷ್ಟೋ ಮನೆಗಳು ಊರು ಬಿಟ್ಟವು, ಅಪ್ಪನ ಜೊತೆ ಓದಿದವರದ್ದೂ ಸೇರಿ. ಅದರ ಬಗ್ಗೆ ಅವರು ಜೋಕು ಮಾಡಲಿಲ್ಲ, ಏನೂ ಹೇಳಲೂ ಇಲ್ಲ.

ಮನೆಯಲ್ಲಿ ಗೀಸರ್ ಇದ್ದರೂ ಅಪ್ಪನಿಗೆ ಬೆಳಿಗ್ಗೆ 5ಕ್ಕೆ ಹಿತ್ತಲಲ್ಲಿ ಹಂಡೆಗೆ ಬೆಂಕಿ ಹಾಕಲೇಬೇಕು. ಮೊಮ್ಮಕ್ಕಳ ಸ್ನಾನದ ನೀರು ಅವರದ್ದೇ ಡ್ಯೂಟಿ. ಸೊಸೆ ಕಟ್ಟಿಗೆ ಮುಟ್ಟಿದರೂ ಆಗದು.

2014ರಲ್ಲಿ ಮುಂಬೈಯಲ್ಲಿ ವಿಕ್ರಾಂತನ್ನು ಒಡೆದರು. ಅದರ ಲೋಹ ಬೆರೆಸಿ ಬಜಾಜ್‌ನವರು ಬೈಕ್ ಮಾಡಿದಾಗ ನನ್ನ ತಮ್ಮ ಒಂದು ಕೊಂಡು ತಂದ, ಅಪ್ಪ ಕುಣಿಯುತ್ತಾರೆ ಅಂತ. ಅವರು ಟ್ಯಾಂಕಿಗೆ ಬೆರಳಿನಿಂದ ಎರಡು ಸಲ ತಟ್ಟಿ ನೋಡಿದರು. "ಇದು ಮೇಲಿನ ಡೆಕ್ಕಿನದ್ದು ಇರಬೇಕು, ನಮ್ಮ ಕಡೆಯದಲ್ಲ" ಅಂದು ಹಂಡೆ ನೋಡಲು ಹಿತ್ತಲಿಗೆ ಹೋದರು.