ಪ್ರತಿಕ್ರಿಯೆ: ರಕ್ತದೊತ್ತಡದ ಮಾತ್ರೆ ಮತ್ತು ಆಂಫೆಟಮಿನ್ ವರದಿ

ಅಮೆರಿಕದಲ್ಲಿ ಹೆರಿಗೆಯಾದ ನಿಮ್ಮ ತಂಗಿ ರಕ್ತದೊತ್ತಡಕ್ಕೆ ಲ್ಯಾಬೆಟಲಾಲ್ ಬಿಟ್ಟು ಬೇರೇನೂ ಸೇವಿಸದಿದ್ದರೂ ಅವರ ಮೂತ್ರದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮಾದಕವಸ್ತು ಇದೆಯೆಂದು ವರದಿ ಬಂದು, ಮಗುವಿನ ಮಲವನ್ನೂ ಪರೀಕ್ಷೆಗೆ ಕಳಿಸಿದ್ದೇಕೆ ಎಂದು ಕೇಳಿದ್ದೀರಿ. ದಯವಿಟ್ಟು ಗಾಬರಿಯಾಗಬೇಡಿ. ಮೊದಲ ಹಂತದ ಪರೀಕ್ಷೆ ಪ್ರತಿಕಾಯಗಳನ್ನು, ಅಂದರೆ ಅಣುವಿನ ಆಕಾರ ನೋಡಿ ಅಂಟಿಕೊಳ್ಳುವ ಪ್ರೋಟೀನ್‌ಗಳನ್ನು, ಅವಲಂಬಿಸಿರುವುದರಿಂದ, ಲ್ಯಾಬೆಟಲಾಲ್ ದೇಹದಲ್ಲಿ ಒಡೆದಾಗ ಉಂಟಾಗುವ, ಆಂಫೆಟಮಿನ್ ಅನ್ನೇ ಹೋಲುವ ಅಣುವೊಂದನ್ನು ಅದು ಆಂಫೆಟಮಿನ್ ಎಂದೇ ಎಣಿಸಬಲ್ಲದು. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಇವೆರಡನ್ನೂ ಬೇರ್ಪಡಿಸುತ್ತದೆ; ಆ ದೃಢೀಕರಣವಿಲ್ಲದೆ ತಾಯಿಯನ್ನು ಸಂದೇಹಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಮಗುವಿನ ಮೂತ್ರದಿಂದ ಕೆಲವೇ ದಿನಗಳ ಸಂಗತಿ ತಿಳಿಯುತ್ತದೆ, ಆದರೆ ಡಾಂಬರಿನಂತೆ ಕಪ್ಪಾಗಿ ಅಂಟುವ ಮೊದಲ ಮಲವು ಗರ್ಭಾವಸ್ಥೆಯ ಕೊನೆಯ 4–5 ತಿಂಗಳ ಗುರುತುಗಳನ್ನು ಹಿಡಿದಿಟ್ಟಿರುತ್ತದೆ. ವೈದ್ಯರಿಗೆ ಔಷಧಚೀಟಿ ತೋರಿಸಿ, ದೃಢೀಕರಣ ಪರೀಕ್ಷೆಯನ್ನು ಲಿಖಿತವಾಗಿ ಕೇಳಿ. ಮಾತ್ರೆಯನ್ನು ಮಾತ್ರ ಅವರು ತಾವಾಗಿಯೇ ನಿಲ್ಲಿಸಬಾರದು.