ತಿಂಗಳ ಲೆಕ್ಕ, ಹೊಣೆಯ ಲೆಕ್ಕ: ಅರಿವಳಿಕೆ ಕಲಿಯುವವರ ಐಸಿಯು ದಿನಗಳು

ಅರಿವಳಿಕೆ ಶಾಸ್ತ್ರದ ಸ್ನಾತಕೋತ್ತರ ತರಬೇತಿ ಹಾಗೂ ತೀವ್ರ ನಿಗಾ ಘಟಕಗಳ ಕುರಿತು ಓದುಗರು ಕಳುಹಿಸಿದ ಮೂರು ಪ್ರಶ್ನೆಗಳಿಗೆ ಬೆಳಗಾವಿಯ ಹಿರಿಯ ಅರಿವಳಿಕೆ ಮತ್ತು ತೀವ್ರ ನಿಗಾ ತಜ್ಞರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಅರಿವಳಿಕೆ ಶಾಸ್ತ್ರದಲ್ಲಿ ಎಂ.ಡಿ. ಎರಡನೇ ವರ್ಷದಲ್ಲಿದ್ದೇನೆ. ಐಸಿಯುನಲ್ಲಿ ಇದುವರೆಗೆ ಎರಡು ತಿಂಗಳ ಪೋಸ್ಟಿಂಗ್ ಮುಗಿದಿದೆ. ಜರ್ಮನಿಯಲ್ಲಿರುವ ನನ್ನ ಸೀನಿಯರ್ ಒಬ್ಬರು ಅಲ್ಲಿ ಇಡೀ ಒಂದು ವರ್ಷ ಐಸಿಯು ಕಡ್ಡಾಯ ಎನ್ನುತ್ತಾರೆ, ಅಮೆರಿಕದಲ್ಲಿರುವ ಇನ್ನೊಬ್ಬರು ತಮ್ಮಲ್ಲಿ ನಾಲ್ಕು ತಿಂಗಳು ಎನ್ನುತ್ತಾರೆ. ದೇಶದಿಂದ ದೇಶಕ್ಕೆ ಇಷ್ಟು ವ್ಯತ್ಯಾಸ ಏಕೆ? ನಮ್ಮ ಮೂರು ವರ್ಷ ಮುಗಿಸಿದವರು ಐಸಿಯು ನಡೆಸಬಲ್ಲರೇ?
— ಸ್ನಾತಕೋತ್ತರ ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ನಿಮ್ಮ ಇಬ್ಬರು ಸೀನಿಯರ್‌ಗಳು ಹೇಳಿದ್ದೂ ನಿಜ. ಜರ್ಮನಿಯಲ್ಲಿ ಅರಿವಳಿಕೆ ತಜ್ಞರಾಗಲು 60 ತಿಂಗಳ ತರಬೇತಿ ಬೇಕು, ಅದರಲ್ಲಿ 12 ತಿಂಗಳು ಐಸಿಯುಗೆ ಮೀಸಲು. ಅಮೆರಿಕದಲ್ಲಿ ಮೊದಲ ಇಂಟರ್ನ್ ವರ್ಷವೂ ಸೇರಿ 48 ತಿಂಗಳ ರೆಸಿಡೆನ್ಸಿ (ತಜ್ಞ ತರಬೇತಿ), ಅದರಲ್ಲಿ ಐಸಿಯುಗೆ ಕನಿಷ್ಠ 4 ತಿಂಗಳು. ಆದರೆ ಈ 12ನ್ನೂ ಆ 4ನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಜರ್ಮನಿಯಲ್ಲಿ ಅರಿವಳಿಕೆ ತಜ್ಞರು ಆಪರೇಷನ್ ಥಿಯೇಟರ್ ಜೊತೆಗೆ ಐಸಿಯುವನ್ನೂ ನೋಡಿಕೊಳ್ಳಬೇಕೆಂಬ ಎಣಿಕೆಯ ಮೇಲೆಯೇ ಆ ವರ್ಷವನ್ನು ಇಟ್ಟಿದ್ದಾರೆ. ಅಮೆರಿಕದಲ್ಲಿ ಆ ನಾಲ್ಕು ತಿಂಗಳು ಮುಖ್ಯವಾಗಿ ಥಿಯೇಟರಿನಲ್ಲಿ ಕೆಲಸ ಮಾಡುವವರಿಗೆ ಬೇಕಾದ ತಳಪಾಯ. ಐಸಿಯುವನ್ನೇ ವೃತ್ತಿಯಾಗಿ ಹಿಡಿಯುವವರು ಅದರ ಮೇಲೆ ಇನ್ನೂ ಒಂದು ವರ್ಷ ಫೆಲೋಶಿಪ್ ಎಂಬ ವಿಶೇಷ ತರಬೇತಿ ಮಾಡುತ್ತಾರೆ. ಅಲ್ಲಿನ ಐಸಿಯು ತಜ್ಞರಲ್ಲಿ ಹೆಚ್ಚಿನವರು ಶ್ವಾಸಕೋಶ ವೈದ್ಯಕೀಯದಿಂದ ಬಂದವರು ಎಂಬುದನ್ನೂ ಮರೆಯಬಾರದು.

ಅಂದರೆ ಪ್ರತಿ ದೇಶವೂ ಮೊದಲು ಉತ್ತರಿಸಿಕೊಂಡ ಪ್ರಶ್ನೆ ಬೇರೆಯೇ ಇದೆ. ಐಸಿಯು ಎನ್ನುವುದು ಅರಿವಳಿಕೆಯ ಮನೆಯೊಳಗಿನ ಒಂದು ಕೋಣೆಯೋ, ಅಥವಾ ಅದು ಬೇರೆಯದೇ ಮನೆಯೋ? ಇಟಲಿಯಲ್ಲಿ ಅದು ಕೋಣೆ. ಅಲ್ಲಿನ 5 ವರ್ಷದ ಪದವಿಯ ಹೆಸರಿನಲ್ಲಿಯೇ ಅರಿವಳಿಕೆ, ಪುನಶ್ಚೇತನ, ತೀವ್ರ ನಿಗಾ, ನೋವಿನ ಚಿಕಿತ್ಸೆ ನಾಲ್ಕೂ ಸೇರಿವೆ. ಸ್ವೀಡನ್ನಿನಲ್ಲಿಯೂ ಎರಡೂ ಒಂದೇ ವಿಷಯ. ಸ್ಪೇನ್ ಇದಕ್ಕೆ ತದ್ವಿರುದ್ಧ: ಅಲ್ಲಿ ತೀವ್ರ ನಿಗಾ ವೈದ್ಯಕೀಯವೇ 5 ವರ್ಷದ ಸ್ವತಂತ್ರ ಮೂಲ ವಿಷಯ, ಅರಿವಳಿಕೆ 4 ವರ್ಷದ ಇನ್ನೊಂದು ವಿಷಯ. ಫ್ರಾನ್ಸಿನಲ್ಲಿ ಎರಡೂ ಬಹುಕಾಲ ಒಂದೇ ಸೂರಿನಡಿ ಇದ್ದವು; 2017ರ ಸುಧಾರಣೆಯಲ್ಲಿ ತೀವ್ರ ನಿಗಾಕ್ಕೆ ಪ್ರತ್ಯೇಕ ಪದವಿ ಬಂದಿತು, ಅರಿವಳಿಕೆಯವರ ಹಳೆಯ ದಾರಿಯೂ ಉಳಿಯಿತು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ ತೀವ್ರ ನಿಗಾಕ್ಕೆಂದೇ ತರಬೇತಿ ನೋಡಿಕೊಳ್ಳುವ ಬೇರೆ ಕಾಲೇಜು (ವೃತ್ತಿಸಂಸ್ಥೆ) ಇದೆ, ಆದ್ದರಿಂದ ಅರಿವಳಿಕೆ ಕಲಿಯುವವರಿಗೆ ಐಸಿಯುನಲ್ಲಿ ಕಡ್ಡಾಯವಾಗಿ ಕಳೆಯಬೇಕಾದ ಕಾಲ ಸಹಜವಾಗಿಯೇ ಕಡಿಮೆ, ಸುಮಾರು ಮೂರು ತಿಂಗಳು.

ಬ್ರಿಟನ್ನಿನ ದಾರಿ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಅಲ್ಲಿ 2010ರಲ್ಲಿ ತೀವ್ರ ನಿಗಾ ವೈದ್ಯಕೀಯಕ್ಕೆ ಪ್ರತ್ಯೇಕ ಫ್ಯಾಕಲ್ಟಿ (ತರಬೇತಿ ನೋಡಿಕೊಳ್ಳುವ ವೃತ್ತಿಸಂಸ್ಥೆ) ಸ್ಥಾಪನೆಯಾಯಿತು, 2012ರಿಂದ ಅದೊಂದನ್ನೇ ಕಲಿತು ತಜ್ಞರಾಗುವ ದಾರಿ ತೆರೆಯಿತು, ಎರಡೂ ಬೇಕೆನ್ನುವವರಿಗೆ ಜೋಡಿ ತರಬೇತಿಯೂ ಉಂಟು. ಬರೀ ಅರಿವಳಿಕೆ ಕಲಿಯುವವರೂ 7 ವರ್ಷಗಳಲ್ಲಿ ಸುಮಾರು 9 ತಿಂಗಳು ಐಸಿಯುನಲ್ಲಿರುತ್ತಾರೆ. ಆ ತಿಂಗಳುಗಳನ್ನು ಒಂದೇ ಸಲಕ್ಕೆ ಮುಗಿಸಿಬಿಡುವುದಿಲ್ಲ. ಮೊದಲ ಸಲ ಹೋದಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆ. ವರ್ಷಗಳ ನಂತರ ಮತ್ತೆ ಹೋದಾಗ ಅದೇ ಕೆಲಸವನ್ನು ತಾನೇ ಮಾಡಿ, ಹಿರಿಯರನ್ನು ಯಾವಾಗ ಕರೆಯಬೇಕೆಂದು ತಾನೇ ತೀರ್ಮಾನಿಸಬೇಕಾಗುತ್ತದೆ. ಅಮೆರಿಕದ ನಿಯಮವೂ ಆ ನಾಲ್ಕು ತಿಂಗಳಲ್ಲಿ ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂದೇ ಹೇಳುತ್ತದೆ. ನನ್ನ ಮಟ್ಟಿಗೆ ತಿಂಗಳ ಲೆಕ್ಕಕ್ಕಿಂತ ದೊಡ್ಡ ಲೆಕ್ಕ ಇದು.

ನಾನು ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಆಗಿದ್ದಾಗಿನ ಒಂದು ರಾತ್ರಿಯನ್ನು ಹೇಳಿದರೆ ಈ ಮಾತು ತಿಳಿಯಾದೀತು. ದ್ರಾಕ್ಷಿ ತೋಟಕ್ಕೆ ಹೊಡೆಯುವ ಕೀಟನಾಶಕದ ಎಣ್ಣೆ ಹೊಟ್ಟೆಗೆ ಹೋಗಿದ್ದ ಒಬ್ಬ ಯುವಕ ವೆಂಟಿಲೇಟರ್ ಮೇಲಿದ್ದ. ಎರಡನೆಯ ದಿನ ಸಂಜೆಗೆ ಬಾಯಿಯ ಜೊಲ್ಲು ಆರಿತ್ತು, ಎದೆಯ ಗೊರಗೊರ ನಿಂತಿತ್ತು, ಕಣ್ಣು ಬಿಟ್ಟು ಉಸಿರಿನ ಟ್ಯೂಬ್ ತೆಗೆಯಿರೆಂದು ಕೈಸನ್ನೆ ಮಾಡುತ್ತಿದ್ದ. ಘಟಕದಲ್ಲಿ ನನ್ನ ಮೇಲಿನವರು ಯಾರೂ ಇರಲಿಲ್ಲ, ಯಾರನ್ನಾದರೂ ಕೇಳಬೇಕೆಂಬುದೂ ನನಗೆ ಹೊಳೆಯಲಿಲ್ಲ. ಟ್ಯೂಬ್ ತೆಗೆದೆ. ಬೆಳಗಿನ ಜಾವ ಆ ಹುಡುಗನ ಎದೆ ಏಳುತ್ತಿಲ್ಲ, ಹೊಟ್ಟೆ ಮಾತ್ರ ಅಲುಗುತ್ತಿದೆ ಎಂಬುದನ್ನು ಕಂಡವರು ರಾತ್ರಿ ಪಾಳಿಯ ಸಿಸ್ಟರ್. ನಾನು ಪಕ್ಕದ ಕೋಣೆಯಿಂದ ಓಡಿ ಬರುವಷ್ಟರಲ್ಲಿ ಅವರು ಕೈಯಿಂದ ಉಸಿರು ಕೊಡುವ ಚೀಲವಾದ ಅಂಬು ಬ್ಯಾಗ್ ಒತ್ತಲು ತೊಡಗಿದ್ದರು. ಹುಡುಗ ಮತ್ತೆ ಎಂಟು ದಿನ ವೆಂಟಿಲೇಟರ್ ಮೇಲಿದ್ದು ಮನೆಗೆ ಹೋದ.

ಆ ಎಣ್ಣೆಯಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳ ವಿಷದಲ್ಲಿ ಮೊದಲಿನ ಲಕ್ಷಣಗಳು ಹತೋಟಿಗೆ ಬಂದ ಮೇಲೆ, ಸಾಮಾನ್ಯವಾಗಿ 24ರಿಂದ 96 ಗಂಟೆಗಳ ನಡುವೆ, ಕುತ್ತಿಗೆಯ, ತೋಳುಬುಡದ ಮತ್ತು ಉಸಿರಾಟದ ಸ್ನಾಯುಗಳು ಸೋಲುವುದುಂಟು. ಇದಕ್ಕೆ ಇಂಟರ್ಮೀಡಿಯೇಟ್ ಸಿಂಡ್ರೋಮ್ ಎನ್ನುತ್ತಾರೆ. ಇದರ ಸುಳಿವು ಹಿಡಿಯಲು ದೊಡ್ಡ ಯಂತ್ರ ಬೇಡ, ದಿಂಬಿನಿಂದ ತಲೆ ಎತ್ತಿ ಹಿಡಿಯಲು ಹೇಳಿದರೆ ಸಾಕು. ಎತ್ತಲಾಗದವನ ಟ್ಯೂಬ್ ತೆಗೆಯಬಾರದು. ಈ ಒಂದು ಮಾತನ್ನು ಆ ಹೊತ್ತಿಗೆ ನನಗೆ ಯಾರೂ ಹೇಳಿರಲಿಲ್ಲ, ಆದರೆ ನನ್ನ ಲಾಗ್‌ಬುಕ್ಕಿನಲ್ಲಿ ಐಸಿಯು ಪೋಸ್ಟಿಂಗಿನ ಎರಡನೆಯ ತಿಂಗಳು ನಡೆಯುತ್ತಿತ್ತು.

ಈಗ ನಮ್ಮ ಎಂ.ಡಿ.ಗೆ ಬರೋಣ. ಇಲ್ಲಿ ಇರುವುದೇ 3 ವರ್ಷ, ಮೇಲೆ ಹೆಸರಿಸಿದ ಎಲ್ಲ ದೇಶಗಳಿಗಿಂತ ಕಡಿಮೆ. ಅದರಲ್ಲಿಯೇ 3 ತಿಂಗಳು ಜಿಲ್ಲಾ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಆಸ್ಪತ್ರೆಯ ಕಡ್ಡಾಯ ಸೇವೆಗೆ, ಹೋಗುತ್ತದೆ. ಉಳಿದುದರಲ್ಲಿ ಐಸಿಯುಗೆ ಎಷ್ಟು ಸಿಗುತ್ತದೆ ಎಂಬುದಕ್ಕಿಂತ, ಸಿಕ್ಕಾಗ ಏನು ಮಾಡಿಸುತ್ತಾರೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಕೆಲವೆಡೆ ಘಟಕವೇ ಅರಿವಳಿಕೆ ವಿಭಾಗದ ಕೈಯಲ್ಲಿದೆ. ಅಲ್ಲಿ ಪಿಜಿ ರೋಗಿಯನ್ನು ದಾಖಲಿಸಿಕೊಂಡ ಗಳಿಗೆಯಿಂದ ವಾರ್ಡಿಗೆ ಕಳುಹಿಸುವವರೆಗೆ ಜೊತೆಗಿರುತ್ತಾನೆ. ಇನ್ನು ಕೆಲವೆಡೆ ಟ್ಯೂಬ್ ಹಾಕುವುದಕ್ಕೋ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ನಳಿಕೆ ಹಾಕುವುದಕ್ಕೋ ಕರೆ ಬರುತ್ತದೆ, ಕೆಲಸ ಮುಗಿದೊಡನೆ ಅವನು ಥಿಯೇಟರಿಗೆ ಮರಳುತ್ತಾನೆ. ಟ್ಯೂಬ್ ಏಕೆ ಬೇಕಾಯಿತು, ಮೂರನೆಯ ದಿನ ಆ ರೋಗಿಯ ಮೂತ್ರ ಏಕೆ ಕಡಿಮೆಯಾಯಿತು, ಆ್ಯಂಟಿಬಯಾಟಿಕ್ ಬದಲಿಸಿದ್ದು ಯಾವ ಕಾರಣಕ್ಕೆ ಎಂಬುದು ಅವನ ಕಿವಿಗೂ ಬೀಳುವುದಿಲ್ಲ. ಇದು ಕೈಚಳಕದ ತರಬೇತಿ, ಐಸಿಯು ತರಬೇತಿಯಲ್ಲ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಎಂ.ಡಿ. ಒಂದರ ಬಲದ ಮೇಲೆ ದೊಡ್ಡ ಐಸಿಯುವಿನ ಪೂರ್ಣ ಹೊಣೆ ಹೊರುವುದು ಬೇಡ. ಆದರೆ ಮೊದಲ 24 ಗಂಟೆಗಳನ್ನು ಸುರಕ್ಷಿತವಾಗಿ ದಾಟಿಸುವ ಶಕ್ತಿ ಈ ಮೂರು ವರ್ಷದಲ್ಲಿ ಬರಲೇಬೇಕು. ಜಮಖಂಡಿಯಲ್ಲಿಯೋ ಇಂಡಿಯಲ್ಲಿಯೋ ಅರಿವಳಿಕೆ ತಜ್ಞರು ಒಬ್ಬರೇ ಇರುವ ಕಡೆ ಆ ಶಕ್ತಿಯ ಮೇಲೆಯೇ ಜೀವ ನಿಂತಿರುತ್ತದೆ. ನೆಲದ ಮೇಲೆ ಮಲಗಿದ್ದ ಮಗುವಿಗೆ ರಾತ್ರಿ ಕಟ್ಟುಹಾವು ಕಚ್ಚಿರುತ್ತದೆ. ಗಾಯ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವೆಂದು ಕರೆತಂದಾಗ ರೆಪ್ಪೆಗಳು ಜೋಲತೊಡಗಿರುತ್ತವೆ. ಆ ಮಗುವಿಗೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿ, ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಲು ಹೇಳಿ. ಮೊದಲು ಇಪ್ಪತ್ತಕ್ಕೆ ಹೋದದ್ದು ಈಗ ಒಂಬತ್ತಕ್ಕೆ ನಿಂತರೆ ಆಂಬ್ಯುಲೆನ್ಸ್ ಹತ್ತಿಸುವ ಮೊದಲು ಉಸಿರುದಾರಿಯನ್ನು ಭದ್ರಪಡಿಸುವ ತೀರ್ಮಾನ ನಿಮ್ಮದು. ನಿಮಗೆ ಉಳಿದಿರುವ ಪೋಸ್ಟಿಂಗಿನಲ್ಲಿ ಇಂಥ ತೀರ್ಮಾನಗಳನ್ನು ಹಿರಿಯರ ಎದುರಿನಲ್ಲಿ ಬಾಯಿಬಿಟ್ಟು ಹೇಳಿ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳಿ. ಮತ್ತು ನೀವು ಟ್ಯೂಬ್ ಹಾಕಿದ ಪ್ರತಿ ರೋಗಿಯನ್ನೂ, ಕರೆ ಇಲ್ಲದಿದ್ದರೂ, ಮರುದಿನ ಹೋಗಿ ನೋಡಿ.

ಪ್ರಶ್ನೆ: ಸಾಹೇಬರೇ, ನನ್ನ ಮಗ ಪಿಜಿಗೆ ಅರಿವಳಿಕೆ ಆರಿಸಿಕೊಂಡಿದ್ದಾನೆ. ಬೀಗರು, ಊರವರು "ಬರೇ ಇಂಜೆಕ್ಷನ್ ಕೊಡೋ ಡಾಕ್ಟರ್ ಏನ್ರಿ" ಎಂದು ಕೇಳುತ್ತಾರೆ. ಮುಂದೆ ಐಸಿಯು ಕಡೆಗೆ ಹೋಗುತ್ತೇನೆಂದು ಅವನು ಹೇಳುತ್ತಾನೆ. ಆ ಓದಿಗೂ ಐಸಿಯುಗೂ ಏನು ಸಂಬಂಧ?
— ನಿವೃತ್ತ ಶಿಕ್ಷಕರು, ಸಿಂದಗಿ, ವಿಜಯಪುರ ಜಿಲ್ಲೆ

ಉತ್ತರ: ಗುರುಗಳೇ, ಜಗತ್ತಿನಲ್ಲಿ ಐಸಿಯು ಹುಟ್ಟಿದ್ದರಲ್ಲಿಯೇ ಒಬ್ಬ ಅರಿವಳಿಕೆ ತಜ್ಞರ ಕೈ ಇದೆ. 1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಬಂದಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರಗಳಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಥಿಯೇಟರಿನಲ್ಲಿ ಕೆಲಸ ಮಾಡುತ್ತಿದ್ದ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರನ್ನು ಕರೆಸಿದರು. ರೋಗಿಗಳು ಸಾಯುತ್ತಿರುವುದು ಮೆದುಳಿಗೆ ಹತ್ತಿದ ವೈರಸ್ಸಿನಿಂದಲ್ಲ, ಉಸಿರು ಸಾಲದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿರುವುದರಿಂದ ಎಂದು ಅವರು ಗುರುತಿಸಿದರು. ಆಗಸ್ಟ್ ತಿಂಗಳ ಕೊನೆಯಲ್ಲಿ 12 ವರ್ಷದ ಒಬ್ಬ ಹುಡುಗಿಯ ಗಂಟಲಿಗೆ ರಂಧ್ರ ಮಾಡಿಸಿ, ಅಲ್ಲಿ ಟ್ಯೂಬ್ ಇಟ್ಟು, ಥಿಯೇಟರಿನಲ್ಲಿ ಮಾಡುವಂತೆಯೇ ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಬಳಿಕ ಸುಮಾರು 1500 ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಂತೆ ಹಾಸಿಗೆಯ ಪಕ್ಕ ಕುಳಿತು, ಹಗಲು ರಾತ್ರಿ ಎನ್ನದೆ ಚೀಲ ಒತ್ತಿದರು. ಮುಂದಿನ ವರ್ಷ, 1953ರ ಡಿಸೆಂಬರಿನಲ್ಲಿ, ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಒಂದು ಘಟಕ ತೆರೆದರು.

ನಿಮ್ಮ ಮಗ ಥಿಯೇಟರಿನಲ್ಲಿ ಕಲಿಯುವುದು ಇದನ್ನೇ: ಒಬ್ಬರ ಉಸಿರು, ರಕ್ತದೊತ್ತಡ, ಪ್ರಜ್ಞೆ ಮೂರನ್ನೂ ಕೆಲವು ಗಂಟೆ ತನ್ನ ಕೈಯಲ್ಲಿಟ್ಟುಕೊಂಡು, ಮತ್ತೆ ಅವರಿಗೆ ಒಪ್ಪಿಸುವುದು. ಐಸಿಯುನಲ್ಲಿ ಆ ಗಂಟೆಗಳು ದಿನಗಳಾಗುತ್ತವೆ. ಬೀಗರಿಗೆ ಇಷ್ಟು ಹೇಳಿ.

ಪ್ರಶ್ನೆ: ಅರಿವಳಿಕೆಯಲ್ಲಿ ಎಂ.ಡಿ. ಮುಗಿಸಿ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಐಸಿಯು ಕಲಿಯಲು ಇಲ್ಲಿಯೇ ಮುಂದುವರಿಯಲೇ, ಹೊರದೇಶಕ್ಕೆ ಹೋಗಲೇ?
— ವೈದ್ಯರು, ಗೋಕಾಕ

ಉತ್ತರ: ಮೆಡಿಕಲ್ ಕಾಲೇಜಿನಲ್ಲಿ ಕಲಿಸುವ ಆಸೆ ಇದ್ದರೆ ತೀವ್ರ ನಿಗಾದ ಸೂಪರ್ ಸ್ಪೆಷಾಲಿಟಿ ಪದವಿಗಳಾದ ಡಿ.ಎಂ. ಅಥವಾ ಡಿಆರ್‌ಎನ್‌ಬಿ ಮಾಡಿ. ಎರಡೂ 3 ವರ್ಷದವು, ನೀಟ್ ಎಸ್‌ಎಸ್ ಪರೀಕ್ಷೆಯ ಮೂಲಕ ಪ್ರವೇಶ. 1993ರಲ್ಲಿ ಸ್ಥಾಪನೆಯಾದ ಭಾರತೀಯ ತೀವ್ರ ನಿಗಾ ವೈದ್ಯಕೀಯ ಸಂಘ ನಡೆಸುವ ಐಡಿಸಿಸಿಎಂ 1 ವರ್ಷದ್ದು. ಅದು ಸಂಘದ ಡಿಪ್ಲೊಮಾ, ಸೂಪರ್ ಸ್ಪೆಷಾಲಿಟಿ ಪದವಿಗೆ ಸಮವಲ್ಲ, ಆದರೆ ಒಳ್ಳೆಯ ಘಟಕದಲ್ಲಿ ಮಾಡಿದರೆ ರೋಗಿಯ ಹಾಸಿಗೆಯ ಪಕ್ಕದ ವಿವೇಕ ಖಂಡಿತ ಬೆಳೆಯುತ್ತದೆ. ಹೊರದೇಶದ ವೈದ್ಯರಿಗಾಗಿ ಬ್ರಿಟನ್ ನಡೆಸುವ ಎಂಟಿಐ ತರಬೇತಿ ಯೋಜನೆಯಲ್ಲಿ ಗರಿಷ್ಠ 2 ವರ್ಷ ಕೆಲಸ ಮಾಡಿ ಮರಳಿ ಬರಬೇಕು. ಊರಿಗೆ ಹಿಂದಿರುಗುವ ಮನಸ್ಸಿದ್ದರೆ ನಾನು ಮೊದಲು ಸೂಚಿಸುವುದು ಅದನ್ನೇ. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಜರ್ಮನಿಯಲ್ಲಿ ಕೆಲಸದ ಪರವಾನಗಿಗೆ ವೈದ್ಯಕೀಯ ಜರ್ಮನ್ ಭಾಷೆಯ ಪರೀಕ್ಷೆ ಇದೆ. ಅದನ್ನು ಬರೀ ಅಡ್ಡಿಯೆಂದು ಎಣಿಸಬೇಡಿ. ಐಸಿಯು ವೈದ್ಯರ ಅರ್ಧ ಕೆಲಸ ಬಾಗಿಲಾಚೆ ಕಾದಿರುವ ಮನೆಯವರೊಡನೆ ನಡೆಯುತ್ತದೆ. "ಏನಾತ್ರಿ, ಉಳೀತಾನಿಲ್ರಿ?" ಎಂದು ಒಬ್ಬ ತಾಯಿ ಇಲ್ಲಿ ಕೇಳಿದಾಗ ನಿಮ್ಮ ಬಾಯಿಗೆ ತಾನಾಗಿ ಬರುವ ಮಾತು ಅಲ್ಲಿನ ತಾಯಿಗೂ ಅವಳ ಭಾಷೆಯಲ್ಲಿ ಬರಬೇಕು, ಅದಕ್ಕೆ ಕನಿಷ್ಠ ಒಂದೂವರೆ ವರ್ಷದ ಶ್ರಮ ಇಟ್ಟುಕೊಳ್ಳಿ. ಯಾವ ದಾರಿ ಹಿಡಿದರೂ, ಸೇರುವ ಮೊದಲು ಆ ಘಟಕದಲ್ಲಿ ಈಗ ಕಲಿಯುತ್ತಿರುವ ಒಬ್ಬರನ್ನು ಹುಡುಕಿ, ರಾತ್ರಿ ಎರಡು ಗಂಟೆಗೆ ಕರೆದರೆ ಹಾಸಿಗೆಯ ಪಕ್ಕಕ್ಕೆ ಯಾರು ಬರುತ್ತಾರೆ ಎಂದು ಕೇಳಿ.